ತಂತಿಗೆ ಪೋಣಿಸಿದ ನಾಲ್ಕು ಎಕರೆ

ಹೊಲ ಮಾರಿದವಳು ಎಂದು ನನ್ನನ್ನು ಬೆರಳು ಮಾಡಿ ತೋರಿಸುವವರು ಕುರುಗೋಡಿನಲ್ಲಿ ಇವತ್ತಿಗೂ ಇದ್ದಾರೆ. ತೋರಿಸಲಿ. ಮಾರಿದ್ದು ನಿಜ, ಖುಷಿಯಿಂದಲೇ ಮಾರಿದ್ದು ನಿಜ. ಯಾರನ್ನೂ ಕೇಳದೆ ಮಾರಿದೆ ಎನ್ನುವುದು ಮಾತ್ರ ಸುಳ್ಳು. ಅಣ್ಣನನ್ನು ಮೂರು ಸಲ ಕೇಳಿದ್ದೆ. ಅವನು ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ, ಅಷ್ಟೇ.

ಎಂಬತ್ತರ ದಶಕ ಅರ್ಧ ದಾಟಿತ್ತು. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ ನನ್ನ ಟೈಪಿಂಗ್ ಶಾಲೆ ಇತ್ತು. ಎಂಟು ಯಂತ್ರ, ಆರು ಇಂಗ್ಲಿಷಿನವು, ಎರಡು ಕನ್ನಡದವು. ಬೆಳಿಗ್ಗೆ ಆರಕ್ಕೆ ಶುರುವಾದರೆ ಕೆಳಗಿನ ಅಂಗಡಿಯವರು ತಲೆಯ ಮೇಲೆ ಆಲಿಕಲ್ಲು ಬೀಳುತ್ತದೆ ಎಂದು ದೂರುತ್ತಿದ್ದರು. ನನಗಾಗ ಮೂವತ್ತೊಂಬತ್ತು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಸಾಕಾಗಿ, ಕೇಳಿದವರ ಅರ್ಜಿ ಟೈಪು ಮಾಡಲು ಎಂಟಾಣೆ ಹೆಚ್ಚು ತೆಗೆದುಕೊಳ್ಳುತ್ತಿದ್ದೆ.

ನಾನು ಮದುವೆ ಒಲ್ಲೆ ಎಂದು ಗಟ್ಟಿಯಾಗಿ ಹೇಳಿದ ವರ್ಷವೇ ಅಪ್ಪ ಕುರುಗೋಡಿನ ನಾಲ್ಕು ಎಕರೆಯನ್ನು ನನ್ನ ಹೆಸರಿಗೆ ರಿಜಿಸ್ಟರ್ ಮಾಡಿಸಿದ್ದರು. ಅವರು ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಅದನ್ನು ಅಣ್ಣನೇ ಉತ್ತ. ಅವನು ಮೋಸಗಾರನಲ್ಲ. ವರ್ಷಕ್ಕೆ ಇಷ್ಟು ಎಂದು ಶೇಂಗಾ, ಜೋಳ, ಒಂದಿಷ್ಟು ರೊಕ್ಕ ತಪ್ಪದೆ ಕಳಿಸುತ್ತಿದ್ದ. ಆದರೆ ನನ್ನ ಹೊಲದಲ್ಲಿ ಈ ವರ್ಷ ಏನು ಬಿತ್ತಬೇಕು ಎಂದು ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನನ್ನನ್ನು ಕೇಳಲಿಲ್ಲ. ಅದು ನನಗೆ ಚುಚ್ಚುತ್ತಿತ್ತು. ಹೇಳಿಕೊಂಡರೆ ಇಷ್ಟು ಸಣ್ಣ ಮಾತಿಗೆ ಸಿಟ್ಟೇ ಎನ್ನುತ್ತಾರೆಂದು ಸುಮ್ಮನಿದ್ದೆ.

ಆ ಹೊತ್ತಿಗೆ ಒಬ್ಬ ಇಂಜಿನಿಯರ್ ನನ್ನ ಶಾಲೆಗೆ ಬಂದ. ಮನೆಮಾತು ತೆಲುಗು, ಹುಟ್ಟಿದ್ದು ಕೌಲ್ ಬಜಾರಿನಲ್ಲಿ, ನಾಲ್ಕು ವರ್ಷ ಹೈದರಾಬಾದಿನಲ್ಲಿ ಕಂಪ್ಯೂಟರಿನ ಕೆಲಸ ಮಾಡಿ ಅಲ್ಲಿನ ಮಾಲೀಕರೊಂದಿಗೆ ಜಗಳವಾಡಿ ಊರಿಗೆ ವಾಪಸಾಗಿದ್ದ. ರೈಸ್ ಮಿಲ್ಲಿನವರಿಗೆ ಕಳಿಸಲು ಒಂದು ಪತ್ರದ ನಲವತ್ತು ಪ್ರತಿ ಬೇಕು ಎಂದ. ಮಿಲ್ಲಿಗೆ ಎಷ್ಟು ಭತ್ತ ಬಂತು, ಯಾರದು, ಎಷ್ಟು ಅಕ್ಕಿಯಾಯಿತು, ನುಚ್ಚು ಎಷ್ಟು, ತೌಡು ಎಷ್ಟು, ಯಾವ ಗೋದಾಮಿನಲ್ಲಿ ಎಷ್ಟು ಚೀಲ ಉಳಿದಿದೆ, ಇಷ್ಟನ್ನೂ ನೋಡಿಕೊಳ್ಳುವ ಪ್ರೋಗ್ರಾಂ ಬರೆದುಕೊಡುತ್ತೇನೆ ಎಂದು ಪತ್ರದಲ್ಲಿತ್ತು. ಟೈಪು ಮಾಡುತ್ತ ಒಂದು ಸಾಲು ತಪ್ಪಿದೆ. ಹಾಳೆ ತೆಗೆದು ಹೊಸದು ಹಾಕುವಾಗ ಅವನು ನಕ್ಕು, ನಮ್ಮ ಕಂಪ್ಯೂಟರಿನಲ್ಲಿ ತಪ್ಪಾದರೆ ಆ ಒಂದು ಅಕ್ಷರ ಮಾತ್ರ ಸರಿ ಮಾಡಿದರೆ ಸಾಕು, ಉಳಿದದ್ದು ಹಾಗೇ ಇರುತ್ತದೆ ಎಂದ.

ಇಪ್ಪತ್ತು ವರ್ಷ ರಬ್ಬರಿನಿಂದ ಅಕ್ಷರ ಉಜ್ಜಿದವಳು ನಾನು. ಒಂದು ಅಂಕಿ ತಪ್ಪಿದ್ದಕ್ಕೆ ಇಡೀ ಹಾಳೆ ಮತ್ತೆ ಹೊಡೆದ ದಿನಗಳಿಗೆ ಲೆಕ್ಕವಿಲ್ಲ. ಇದರಿಂದ ಎಷ್ಟು ದುಡ್ಡು ಹುಟ್ಟುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಎಷ್ಟು ಬೆನ್ನುನೋವು ಉಳಿಯುತ್ತದೆ ಎನ್ನುವುದು ಮಾತ್ರ ತಕ್ಷಣ ತಿಳಿಯಿತು. ಅವನ ಹತ್ತಿರ ತಲೆ ಇತ್ತು, ಯಂತ್ರ ಕೊಳ್ಳಲು ರೊಕ್ಕವಿರಲಿಲ್ಲ. ಒಂದು ತಿಂಗಳು ಅವನನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದೆ. ಆಮೇಲೆ ರೊಕ್ಕ ನಾನು ಹಾಕುತ್ತೇನೆ, ರೂಪಾಯಿಯಲ್ಲಿ ಎಂಟಾಣೆ ಪಾಲು ನನ್ನದು ಎಂದೆ.

ಕುರುಗೋಡಿಗೆ ಹೋಗಿ ಅಣ್ಣನಿಗೆ ಹೇಳಿದೆ. ಹೊಲ ಬೇಕಾದರೆ ನೀನೇ ಕೊಂಡುಕೋ, ಬೇರೆಯವರಿಗಿಂತ ಕಡಿಮೆಗೆ ಕೊಡುತ್ತೇನೆ ಎಂದೆ. ಅವನು ಊಟದ ತಟ್ಟೆ ಸರಿಸಿದ.

"ನೆಲ ಕೊಟ್ಟು ಗಾಳಿ ತಗೋತಿ ಏನು? ಹೊಲ ಅಂದ್ರ ಮಾರೂದಲ್ಲವಾ. ಮಳಿ ಬರ್ಲಿ, ಬರದಿರ್ಲಿ, ಅದು ನಿಂದು ಅಂತ ಅಲ್ಲೇ ಬಿದ್ದಿರತೈತಿ."

"ಬರೇ ಬಿದ್ದಿರೂದಾದ್ರ ನನಗ್ಯಾಕ ಬೇಕು ಅದು?" ಎಂದೆ.

ಇನ್ನೂ ಎರಡು ಸಲ ಹೋದೆ. ಎರಡು ಸಲವೂ ಅದೇ ಉತ್ತರ. ತಾನು ಕೊಳ್ಳದಿದ್ದರೆ ಇವಳಿಗೆ ಬೇರೆ ಗಿರಾಕಿ ಸಿಗುವುದಿಲ್ಲ, ಹುಚ್ಚು ತಾನಾಗಿ ಇಳಿಯುತ್ತದೆ ಎಂದುಕೊಂಡಿದ್ದ. ಪಕ್ಕದ ಹೊಲದವರು ಹಿಂದಿನ ವರ್ಷದಿಂದಲೇ ಅದರ ಮೇಲೆ ಕಣ್ಣಿಟ್ಟಿದ್ದರು. ಅವರಿಗೆ ಬರೆದುಕೊಟ್ಟೆ. ವಿಷಯ ಗೊತ್ತಾದ ದಿನ ಅಣ್ಣ ಬಸ್ಸು ಹತ್ತಿ ಬಳ್ಳಾರಿಗೆ ಬಂದು, ವಿದ್ಯಾರ್ಥಿಗಳೆಲ್ಲ ಕೂತಿರುವಾಗಲೇ ಬಾಗಿಲಲ್ಲಿ ನಿಂತು ಹೇಳಿದ.

"ಆ ಗಾಳಿ ಹಾರಿಹೋದ ದಿನ ಸೀದಾ ಮನಿಗೆ ಬಾ. ಈ ಟೈಪಿಂಗು ಗೀಪಿಂಗು ಎಲ್ಲಾ ಬಂದ್ ಮಾಡಿ ನಾ ಹೇಳಿದಂಗ ಸುಮ್ಮನ ಕುಂದರಬೇಕು."

ಯಂತ್ರಗಳೆಲ್ಲ ನಿಂತಿದ್ದವು. ನನ್ನ ಕಿವಿ ಬಿಸಿಯಾಯಿತು. ಆಗಲಿ, ಹಾರಿಹೋದರೆ ಬರುತ್ತೇನೆ ಎಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಹೇಳಿದ ಮೇಲೆ ನಾಲ್ಕು ಎಕರೆ ಹೋದರೆ ಹೋಯಿತು ಎನ್ನುವ ಹಾಗಿರಲಿಲ್ಲ. ಈ ಎರಡು ಕೋಣೆ, ಈ ಎಂಟು ಯಂತ್ರ, ನನ್ನ ಬಾಗಿಲಿನ ಕೀಲಿಕೈ, ಎಲ್ಲವನ್ನೂ ಒಂದೇ ಮಾತಿಗೆ ಕಟ್ಟಿದ್ದೆ.

ಪಾಲುದಾರಿಕೆ ಪತ್ರ ಬರೆಯುವವರು ಗಂಡಸರು ಯಾರು ಬಂದಿದ್ದಾರೆ ಎಂದು ಮೊದಲು ಕೇಳಿದರು. ಇಂಜಿನಿಯರ್ ಗಂಡಸೇ ಅಲ್ಲವೇ ಎಂದೆ. ಅವರಲ್ಲ, ನಿಮ್ಮ ಕಡೆಯವರು ಎಂದರು. ನನ್ನ ಕಡೆಯಿಂದ ನಾನು ಬಂದಿದ್ದೇನೆ, ಬರೆಯುವುದಿದ್ದರೆ ಬರೆಯಿರಿ, ಇಲ್ಲದಿದ್ದರೆ ಪಕ್ಕದ ಮೇಜಿನವರು ಬರೆಯುತ್ತಾರೆ ಎಂದೆ. ಬರೆದರು. ಕಂಪನಿ ಮುಚ್ಚಬೇಕಾದರೆ ಇಬ್ಬರ ಸಹಿಯೂ ಬೇಕು ಎನ್ನುವ ಒಂದು ಸಾಲನ್ನು ನಾನೇ ಹೇಳಿ ಬರೆಸಿದೆ. ಅದು ಮುಂದೆ ನನ್ನನ್ನು ಉಳಿಸಿತು.

ನಲವತ್ತು ಪತ್ರಕ್ಕೆ ಉತ್ತರ ಬಂದದ್ದು ಒಂದೇ, ಸಿರುಗುಪ್ಪದ ಒಂದು ರೈಸ್ ಮಿಲ್ಲಿನಿಂದ. ಆ ಸಾವ್ಕಾರರಿಗೆ ಊರಲ್ಲಿ ಎಲ್ಲದರಲ್ಲೂ ತಾವೇ ಮೊದಲಿಗರಾಗಬೇಕೆನ್ನುವ ಚಟ. ದೀಪಾವಳಿ ಪಾಡ್ಯದ ದಿನ ಯಂತ್ರ ಕೂರಿಸಿದೆವು. ಪರದೆಯ ಹಣೆಗೆ ವಿಭೂತಿ ಬಳಿದರು, ಕಾಯಿ ಒಡೆದರು. ಅವತ್ತು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುವುದು ಎಲ್ಲ ಮಿಲ್ಲುಗಳ ರೂಢಿ. ಸಾವ್ಕಾರರು ಪಕ್ಕದ ಮಿಲ್ಲಿನ ಮಾಲೀಕರನ್ನೆಲ್ಲ ಕರೆಸಿ, ಅವರ ಕಣ್ಣೆದುರಿಗೆ ಕೆಂಪು ಬಟ್ಟೆಯ ಹಳೆಯ ಖಾತೆ ಪುಸ್ತಕವನ್ನು ಕಟ್ಟಿ ಅಟ್ಟದ ಮೇಲೆ ಇಡಿಸಿದರು. ಇನ್ನು ಮೇಲೆ ಕೈಬರಹವಿಲ್ಲ ಎಂದರು. ಈ ಸುಗ್ಗಿ ಹೇಗೆ ಹೋಗುತ್ತದೆ ನೋಡಿ ನಾವೂ ಹೇಳುತ್ತೇವೆ ಎಂದು ಉಳಿದವರು ಲಾಡು ತಿಂದು ಹೋದರು.

ಮಿಲ್ಲಿನ ಗುಮಾಸ್ತರಿಗೆ ಅರವತ್ತರ ಹತ್ತಿರ. ಮೂವತ್ತು ವರ್ಷ ಅದೇ ಮೂಲೆಯಲ್ಲಿ ಕಾಲು ಮಡಚಿ ಕೂತು ಬರೆದವರು. ಇಂಜಿನಿಯರ್ ಮೂರು ದಿನ ಕಲಿಸಿದ, ಅವರು ಎರಡೇ ದಿನದಲ್ಲಿ ಕಲಿತರು. ಬಂಡಿ, ಲಾರಿ ಬಂದಾಗ ತೂಕದ ಚೀಟಿ ಹರಿಯುವುದು, ಅದರಲ್ಲಿನ ಹೆಸರು, ಚೀಲ, ತೂಕವನ್ನು ಯಂತ್ರಕ್ಕೆ ಹೊಡೆಯುವುದು. ಆ ಕಾಲದ ಯಂತ್ರಕ್ಕೆ ಒಳಗೆ ನೆನಪಿಟ್ಟುಕೊಳ್ಳುವ ಜಾಗವಿರಲಿಲ್ಲ. ಬರೆದದ್ದೆಲ್ಲ ಫ್ಲಾಪಿ ಎಂಬ ಕರೀ ಚೌಕದ ತಟ್ಟೆಯ ಮೇಲೆ ಕೂರುತ್ತಿತ್ತು, ನಡುವೆ ರೂಪಾಯಿ ಬಿಲ್ಲೆಗಿಂತ ದೊಡ್ಡ ತೂತು. ಸಂಜೆ ಮಿಲ್ಲು ಮುಚ್ಚುವ ಮೊದಲು ಅವತ್ತಿನದನ್ನೆಲ್ಲ ಇನ್ನೊಂದು ಫ್ಲಾಪಿಗೆ ಕಾಪಿ ಮಾಡಿ ಇಡಬೇಕು. ಆ ಸೂಚನೆಯ ಹಾಳೆಯನ್ನು ಕನ್ನಡದಲ್ಲಿ ಟೈಪು ಮಾಡಿದವಳು ನಾನೇ. 'ಕಾಪಿಗಳನ್ನು ಇಲಿ, ನೀರು, ಬೆಂಕಿ ತಾಗದ ಕಡೆ ಭದ್ರವಾಗಿ ಇಡಬೇಕು' ಎಂದು ಹೊಡೆದು, ಕೆಳಗೆ ಗೆರೆ ಬೇರೆ ಎಳೆದಿದ್ದೆ.

ಸಂಕ್ರಾಂತಿ ಕಳೆದು ಎರಡು ದಿನಕ್ಕೆ ಬಟ್ಟೆ ಅಂಗಡಿಗೆ ಸಿರುಗುಪ್ಪದಿಂದ ಫೋನು ಬಂತು. ಯಂತ್ರ ಏನೂ ತೋರಿಸುತ್ತಿಲ್ಲ ಎಂದರು. ನಾನೂ ಇಂಜಿನಿಯರೂ ತೆಕ್ಕಲಕೋಟೆ ಮೇಲಿನ ಬಸ್ಸು ಹಿಡಿದು ಹೋದೆವು. ದಿನವೂ ಬಳಸುವ ಫ್ಲಾಪಿಯ ಮೇಲೆ ತೌಡಿನ ಧೂಳು ಕೂತು ಗೀಚಿಹೋಗಿತ್ತು. ಅದಕ್ಕೇ ಅಲ್ಲವೇ ಕಾಪಿ ಇರುವುದು, ತನ್ನಿ ಎಂದ ಇಂಜಿನಿಯರ್, ಧೈರ್ಯದಿಂದಲೇ.

ಗುಮಾಸ್ತರು ತಲೆಯೆತ್ತಿ ಮೇಲೆ ತೋರಿಸಿದರು.

ತೊಲೆಯಿಂದ ಮೂರು ತಂತಿಗಳು ಇಳಿಬಿದ್ದಿದ್ದವು. ಅಂಗಡಿ, ಮಿಲ್ಲುಗಳಲ್ಲಿ ಚೀಟಿ ಚುಚ್ಚಿಡುವ ತಂತಿ, ತುದಿ ಕೊಕ್ಕೆಯಾಗಿ ಬಾಗಿದ್ದು. ತಿಂಗಳಿಗೊಂದು ತಂತಿ. ಹೆಗ್ಗಣಗಳು ಚೀಲವನ್ನೇ ಕೊರೆಯುವ ರೈಸ್ ಮಿಲ್ಲಿನಲ್ಲಿ ಕಾಗದ ಉಳಿಯುವ ಜಾಗ ಅದೊಂದೇ. ಇಲಿ ಏರದು, ನೆಲ ತೊಳೆದರೆ ನೀರು ತಾಗದು, ಒಲೆ ದೂರ. ಆ ತಂತಿಗಳಲ್ಲಿ ಎರಡೂವರೆ ತಿಂಗಳ ತೂಕದ ಚೀಟಿಗಳ ನಡುನಡುವೆ, ಪ್ರತಿ ದಿನದ ಕೊನೆಗೆ ಒಂದರಂತೆ, ನಮ್ಮ ಫ್ಲಾಪಿಗಳು ನೇತಾಡುತ್ತಿದ್ದವು. ನಡುವಿನ ತೂತು ಇರುವುದೇ ತಂತಿಗೆ ಪೋಣಿಸಲು ಎಂದು ಅವರು ತಿಳಿದಿದ್ದರು. ಕಾಗದದ ಹೊದಿಕೆ ತೂತಿಗೆ ಅಡ್ಡ ಬರುತ್ತದೆಂದು ಅದನ್ನು ತೆಗೆದು, ಬೇರೆ ಮಡಚಿ ಇಟ್ಟಿದ್ದರು. ತಂತಿಗೆ ತುಕ್ಕು ಹಿಡಿದಿತ್ತು. ಇಂಜಿನಿಯರ್ ಒಂದೊಂದನ್ನೂ ತೆಗೆದು ಯಂತ್ರಕ್ಕೆ ತೂರಿಸಿ ನೋಡಿದ. ಒಂದೂ ಓದಲಿಲ್ಲ.

ನನಗೆ ನಗುವೂ ಬಂತು, ಅಳುವೂ ಬಂತು. ಇಂಜಿನಿಯರ್ ಗುಮಾಸ್ತರ ಮೇಲೆ ಹರಿಹಾಯ್ದ. ನಾನು ಅವನನ್ನು ತಡೆದೆ. ಆ ಹಾಳೆ ಹೇಳಿದ್ದನ್ನು ಅಕ್ಷರಶಃ ಪಾಲಿಸಿದವರು ಇಡೀ ಮಿಲ್ಲಿನಲ್ಲಿ ಅವರೊಬ್ಬರೇ. ತಪ್ಪು ಹಾಳೆ ಬರೆದ ನನ್ನದು, ತೂತು ಯಾಕಿದೆ ಎಂದು ಹೇಳದೆ ಹೋದ ಅವನದು. ಅದನ್ನು ಸಾವ್ಕಾರರ ಎದುರಿಗೇ ಹೇಳಿದೆ. ಗುಮಾಸ್ತರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ಸಾವ್ಕಾರರ ಮುಖ ಬಿಳುಚಿಕೊಂಡಿತ್ತು. ಯಾರ ಭತ್ತ ಎಷ್ಟು, ಯಾರಿಗೆ ಎಷ್ಟು ರೊಕ್ಕ ಎಂದು ಇನ್ನು ಹನ್ನೆರಡು ದಿನಕ್ಕೆ ರೈತರಿಗೆ ಪಟ್ಟಿ ಮಾಡಿ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಅಟ್ಟದ ಮೇಲಿನ ಖಾತೆ ಪುಸ್ತಕದಲ್ಲಿ ಈ ಸುಗ್ಗಿಯದು ಒಂದು ಸಾಲೂ ಇಲ್ಲ, ಪಕ್ಕದ ಮಿಲ್ಲಿನವರಿಗೆ ಗೊತ್ತಾದರೆ ತಲೆ ಎತ್ತುವ ಹಾಗಿಲ್ಲ, ಹನ್ನೆರಡನೆಯ ದಿನ ಪಟ್ಟಿ ಬರದಿದ್ದರೆ ಈ ಡಬ್ಬಿಯನ್ನು ಬೀದಿಗೆ ಎಸೆಯುತ್ತೇನೆ ಎಂದರು. ತಪ್ಪಲ್ಲ, ಅವರ ಜಾಗದಲ್ಲಿ ನಾನಿದ್ದರೆ ಅವತ್ತೇ ಎಸೆಯುತ್ತಿದ್ದೆ.

ಬಸ್ ಸ್ಟ್ಯಾಂಡಿನಲ್ಲಿ ಇಂಜಿನಿಯರ್ ಮೆಲ್ಲಗೆ ಹೇಳಿದ. "ಅಕ್ಕಾ, ಸಾಕು. ಯಂತ್ರ ಮಾರಿ ಬಂದಷ್ಟು ಹಂಚಿಕೊಳ್ಳೋಣ. ನಿಮ್ಮ ಹೊಲದ ದುಡ್ಡು, ನನಗೆ ಪಾಪ ಸುತ್ತಿಕೊಳ್ಳುತ್ತೆ."

"ಮುಚ್ಚಾಕ ನನ್ನ ಸಹಿ ಬೇಕು," ಎಂದೆ. "ನಾ ಹಾಕೂದಿಲ್ಲ. ನೀನು ಬಳ್ಳಾರಿಗೆ ಹೋಗಿ ಹೊಸ ಫ್ಲಾಪಿ ತಗೊಂಬಾ. ಆ ಚೀಟಿ ಎಲ್ಲಾ ನಾ ಹೊಡೀತೀನಿ."

ಅವನು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಎರಡೂವರೆ ತಿಂಗಳ ಚೀಟಿ ಎಂದ. ಹೌದು ಎಂದೆ. ಇಪ್ಪತ್ತು ವರ್ಷ ಜನ ನನ್ನನ್ನು ಟೈಪಿಂಗ್ ಅಕ್ಕ ಎಂದು ಕರೆದು, ಇದೇನು ಮಹಾ ಕೆಲಸ, ಗುಂಡಿ ಒತ್ತುವುದು ಎಂದು ಹೇಳಿದ್ದರು. ಸರಿ, ಗುಂಡಿ ಒತ್ತುವವಳ ಕೈ ಹೇಗಿರುತ್ತದೆ ಅಂತ ಒಮ್ಮೆ ನೋಡಿಬಿಡಲಿ ಎನ್ನಿಸಿತು. ಒಳಗೆ ಹೆದರಿಕೆ ಇರಲಿಲ್ಲವೆಂದಲ್ಲ. ಕುರುಗೋಡಿನ ಮನೆಯ ಪಡಸಾಲೆಯ ಮೂಲೆ, ಅಲ್ಲಿ ಸುಮ್ಮನೆ ಕೂತ ನಾನು, ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು.

ಶಾಲೆಗೆ ಬೀಗ ಹಾಕಿಸಿ ಗುಮಾಸ್ತರ ಮನೆಯಲ್ಲೇ ಉಳಿದೆ. ಅವರ ಹೆಂಡತಿ ಬೆಳಿಗ್ಗೆ ಬಿಸಿರೊಟ್ಟಿ, ಪುಂಡಿಪಲ್ಯ ಹಾಕಿ ಕಳಿಸುತ್ತಿದ್ದರು, ಗಂಡನ ಮಾನ ನನ್ನ ಬೆರಳಲ್ಲಿದೆ ಎನ್ನುವ ಹಾಗೆ ಎರಡು ರೊಟ್ಟಿ ಹೆಚ್ಚೇ ಹಾಕುತ್ತಿದ್ದರು. ಮಿಲ್ಲಿನಲ್ಲಿ ಗುಮಾಸ್ತರು ಚೀಟಿ ಓದುವುದು, ನಾನು ಹೊಡೆಯುವುದು. ಒಬ್ಬರೇ ಓದಿ ಒಬ್ಬರೇ ಹೊಡೆದರೆ ಕಣ್ಣು ಚೀಟಿಗೂ ಪರದೆಗೂ ಓಡಾಡಿ ಅರ್ಧ ಹೊತ್ತು ಹಾಳು. ಆದರೆ ಲಾರಿ ಬಂದಾಗಲೆಲ್ಲ ಗುಮಾಸ್ತರನ್ನು ತೂಕದ ಕಾಟಾದ ಕಡೆಗೆ ಕರೆಯುತ್ತಿದ್ದರು. ನಾಲ್ಕು ದಿನಕ್ಕೆ ಅರ್ಧ ತಂತಿ ಮಾತ್ರ ಮುಗಿದಿತ್ತು. ಹೀಗೇ ಹೋದರೆ ಹನ್ನೆರಡು ದಿನ ಸಾಲುವುದಿಲ್ಲ ಎಂದು ನನಗೂ ಗೊತ್ತಿತ್ತು, ಗುಮಾಸ್ತರಿಗೂ ಗೊತ್ತಿತ್ತು.

ಐದನೆಯ ದಿನ ಮಧ್ಯಾಹ್ನ ಒಬ್ಬಳೇ ಚೀಟಿ ಎಡಗೈಯಲ್ಲಿ ಹಿಡಿದು ಬಲಗೈಯಲ್ಲಿ ಹೊಡೆಯುತ್ತಿದ್ದಾಗ ಬಾಗಿಲಿನ ಬೆಳಕಿಗೆ ಯಾರೋ ಅಡ್ಡ ಬಂದರು. ಅಣ್ಣ ನಿಂತಿದ್ದ. ಶಾಲೆಯ ಬಾಗಿಲಲ್ಲಿ ಆಡಿದ ಆ ಮಾತಿನ ಮೇಲೆ ನಾವು ಮಾತಾಡಿರಲಿಲ್ಲ. ಅವನು ತನ್ನ ಭತ್ತವನ್ನು ಅದೇ ಮಿಲ್ಲಿಗೆ ಹಾಕಿದ್ದಾನೆಂದು ಅವನನ್ನು ಅಲ್ಲಿ ನೋಡಿದಾಗಲೇ ನನಗೆ ಹೊಳೆದದ್ದು. ಯಂತ್ರ ಕೆಟ್ಟು ಎಲ್ಲರ ತೂಕವೂ ಅಳಿಸಿಹೋಗಿದೆ ಎಂಬ ಸುದ್ದಿ ಕುರುಗೋಡಿಗೆ ಮುಟ್ಟಿ ಓಡಿಬಂದಿದ್ದ. ಆ ಯಂತ್ರ ಯಾರದೆಂದು ಅವನಿಗೂ ಗೊತ್ತಿರಲಿಲ್ಲ.

"ನೀ ಇಲ್ಲೇನು ಮಾಡಾಕತ್ತಿ?" ಎಂದ.

"ನಿನ್ನ ನೆಲ್ಲು ಹುಡುಕಾಕತ್ತೀನಿ," ಎಂದೆ.

ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಂತಿ, ಚೀಟಿ, ಪರದೆ, ಒಂದೊಂದಾಗಿ ನೋಡಿದ. ಮೊದಲು ತನ್ನ ಚೀಟಿ ಹುಡುಕಿ ಹೊಡೆದುಬಿಡು ಎಂದ. ಸರದಿ ಬಂದಾಗ ಹೊಡೆಯುತ್ತೇನೆ, ಅಲ್ಲಿಯವರೆಗೆ ಕುಂದರು ಎಂದೆ. ಹಾಗೆ ಹೇಳುವಾಗ ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಗಾಳಿ ಎಂದವನ ಸುಗ್ಗಿಯೆಲ್ಲ ಆ ಗಾಳಿಯಲ್ಲೇ ಸಿಕ್ಕಿಕೊಂಡಿತ್ತು. ಈಗ ಅದು ಹಾರಿಹೋಗಲಿ ಎಂದು ಹಾರೈಸುವ ಹಾಗೂ ಇರಲಿಲ್ಲ ಅವನಿಗೆ.

ಅವನು ತೌಡಿನ ಚೀಲದ ಮೇಲೆ ಕೂತ. ನಾನು ಒಂಟಿಗೈಯಲ್ಲಿ ತಡವರಿಸುವುದನ್ನು ಅರ್ಧ ತಾಸು ನೋಡಿದ. ಆಮೇಲೆ ಎದ್ದು ಬಂದು ಚೀಟಿಯ ಕಟ್ಟು ತೆಗೆದುಕೊಂಡು ಓದತೊಡಗಿದ. ಅವನ ದನಿ ದೊಡ್ಡದು, ಹೊಲದ ಆ ತುದಿಗೆ ಕೇಳುವಂಥದ್ದು. ಗಿರಣಿಯ ಸದ್ದಿನ ಮೇಲೂ ಸ್ಪಷ್ಟ ಕೇಳುತ್ತಿತ್ತು. ಒಂದೇ ಚೀಲದ ಚೀಟಿ ಬಂದರೆ ಒಂದು ಎನ್ನದೆ, ಕಣದಲ್ಲಿ ಅಳೆಯುವವರ ರೂಢಿಯಂತೆ 'ಲಾಭ' ಎನ್ನುತ್ತಿದ್ದ. ನಾನು ಒಂದು ಎಂದು ಹೊಡೆಯುತ್ತಿದ್ದೆ. ನನ್ನ ಹತ್ತೂ ಬೆರಳು ಬಿಡುವಾದವು. ಸಂಜೆಯ ಹೊತ್ತಿಗೆ ಅವನ ದನಿಯೂ ನನ್ನ ಕೈಯೂ ಒಂದೇ ಲಯಕ್ಕೆ ಬಂದಿದ್ದವು.

ಅವತ್ತು ಅವನು ಊರಿಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಏಳನೆಯ ದಿನ ಅವನ ಚೀಟಿ ಬಂತು. ತನ್ನ ಹೆಸರನ್ನು ಬೇರೆಯವರ ಹೆಸರಿನ ಹಾಗೆಯೇ ಓದಿದ, ನಲವತ್ತೆರಡು ಚೀಲ ಎಂದ, ತೂಕ ಹೇಳಿದ. ನಾನು ಹೊಡೆದೆ. ಇನ್ನು ಅವನು ಎದ್ದು ಹೋಗಬಹುದಿತ್ತು. ಮುಂದಿನ ಚೀಟಿ ತೆಗೆದ.

ಹನ್ನೊಂದನೆಯ ದಿನ ಮೂರನೆಯ ತಂತಿ ಬರಿದಾಯಿತು. ಇಂಜಿನಿಯರ್ ತಂದ ಹೊಸ ಫ್ಲಾಪಿಗಳಿಂದ ಪಟ್ಟಿ ಅಚ್ಚಾಗಿ ಬಂತು. ಗುಮಾಸ್ತರು ಕಣ್ಣುಮುಚ್ಚಿ ಅಲ್ಲೊಂದು ಇಲ್ಲೊಂದು ಚೀಟಿ ಎಳೆದು ತಾಳೆ ನೋಡಿದರು. ಒಂದು ಕಡೆ ತಪ್ಪಿತ್ತು, ನಾನು ಹೊಡೆದದ್ದೇ. ಆ ಒಂದು ಅಂಕಿಯನ್ನು ಮಾತ್ರ ಸರಿ ಮಾಡಿದೆ. ಉಳಿದದ್ದು ಹಾಗೇ ಇತ್ತು.

ಸಾವ್ಕಾರರು ಒಂದು ಲಕೋಟೆ ತಂದು ನನ್ನ ಮುಂದಿಟ್ಟರು, ಹನ್ನೊಂದು ದಿನದ ಕೂಲಿ ಎಂದರು. ಕೊಟ್ಟದ್ದು ಮರ್ಯಾದೆಯಿಂದಲೇ. ನಾನು ಅದನ್ನು ಅವರ ಕಡೆಗೇ ಸರಿಸಿದೆ.

"ಕೂಲಿ ಬ್ಯಾಡ್ರಿ ಸಾವ್ಕಾರ. ನಾ ಇದರ ಮಾಲಕಿ ಅದೀನಿ. ನನ್ನ ಹೊಲದಾಗ ನಾ ಕಳಿ ತಗದೀನಿ, ಅದಕ್ಕ್ಯಾರು ಕೂಲಿ ಕೊಡ್ತಾರ?"

ಬಾಗಿಲ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದ ಅಣ್ಣನಿಗೆ ಅದು ಕೇಳಿಸಿತು. ಕೇಳಿಸಲೆಂದೇ ಗಟ್ಟಿಯಾಗಿ ಹೇಳಿದ್ದೆ.

ಆಮೇಲೆ ಸೂಚನೆಯ ಹಾಳೆಯನ್ನು ಹೊಸದಾಗಿ ಬರೆದೆ, ಗುಮಾಸ್ತರು ಹೇಳಿದ ಹಾಗೆ, ಅವರ ಮಾತಿನಲ್ಲೇ. ಮುಚ್ಚಳದ ತಗಡಿನ ಡಬ್ಬಿಯಲ್ಲಿ ಫ್ಲಾಪಿ ಹಾಕಿ, ಆ ಡಬ್ಬಿಯನ್ನು ತೊಲೆಗೆ ತೂಗುಹಾಕಬೇಕು ಎಂದು ಹೇಳಿದವರು ಅವರೇ. ಮುಂದಿನ ದೀಪಾವಳಿಗೆ ಸಿರುಗುಪ್ಪದ ಇನ್ನೆರಡು ಮಿಲ್ಲುಗಳಲ್ಲಿ ನಮ್ಮ ಡಬ್ಬಿಗಳು ತೂಗಾಡುತ್ತಿದ್ದವು. ಶ್ರೀಮಂತರೇನೂ ಆಗಲಿಲ್ಲ. ಇಂಜಿನಿಯರ್ ಸೈಕಲ್ಲಿನಿಂದ ಮೊಪೆಡ್ಡಿಗೆ ಏರಿದ, ನಾನು ಶಾಲೆಯ ಮೂರನೆಯ ಕೋಣೆ ಬಾಡಿಗೆಗೆ ಹಿಡಿದೆ.

ಅದರ ಮುಂದಿನ ಮುಂಗಾರಿಗೆ ಮೊದಲು ಅಣ್ಣ ಬಳ್ಳಾರಿಗೆ ಬಂದ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಒಳಗೆ ಬಂದು ವಿದ್ಯಾರ್ಥಿಗಳ ಬೆಂಚಿನ ಮೇಲೆ ಕೂತ. ನನ್ನ ಹೊಲ ಕೊಂಡವರು ಮಗಳ ಮದುವೆಗೆಂದು ಅದನ್ನು ಮಾರಲು ಹೊರಟಿದ್ದರಂತೆ. ಈಗ ಕಂಪನಿಯಲ್ಲಿನ ನಿನ್ನ ಪಾಲಿಗೆ ಬೆಲೆ ಬಂದಿದೆ, ಮಾರಿಬಿಡು, ಕಡಿಮೆ ಬಿದ್ದರೆ ನಾನು ಹಾಕುತ್ತೇನೆ, ಅಪ್ಪ ಕೊಟ್ಟದ್ದು ಮನೆಗೆ ವಾಪಸು ಬರಲಿ ಎಂದ. ಪ್ರೀತಿಯಿಂದಲೇ ಹೇಳಿದ. ಅದಕ್ಕೇ ಉತ್ತರ ಕೊಡುವುದು ಮೊದಲಿನದಕ್ಕಿಂತ ಕಷ್ಟವಾಯಿತು.

"ಹೊಲ ಅಂದ್ರ ಮಾರೂದಲ್ಲ ಅಂತ ನೀನ ಹೇಳಿದ್ಯಲ್ಲಣ್ಣ," ಎಂದೆ. "ಮಳಿ ಬರ್ಲಿ, ಬರದಿರ್ಲಿ."

ಕಿಟಕಿಯಾಚೆ ಗುಡ್ಡ ಕಾದು ಕೆಂಪಗಾಗಿತ್ತು. ಅವನು ಎದುರಿನ ಯಂತ್ರದ ಒಂದು ಗುಂಡಿಯನ್ನು ಒತ್ತಿ, ಹಾಳೆಯಿಲ್ಲದ ಉರುಳೆಯ ಮೇಲೆ ಅಕ್ಷರ ಬಡಿಯುವುದನ್ನು ನೋಡಿದ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ನೋಡದೆಯೇ ಕೇಳಿದ.

"ಮತ್ತ ಈ ವರ್ಷ ಏನು ಬಿತ್ತಾಕಿ?"

ಹತ್ತಿ ಗಿರಣಿಯವರಿಗೆ ಒಂದು ಪ್ರೋಗ್ರಾಂ ಬರೆಸಬೇಕೆಂದಿದ್ದೇನೆ ಎಂದೆ. ಅವನು ತಲೆಯಾಡಿಸಿ, ಹತ್ತಿಯ ಚೀಲ ತೂಗುವಾಗ ಎಲ್ಲೆಲ್ಲಿ ಕಳ್ಳಾಟ ನಡೆಯುತ್ತದೆ ಎಂದು ಒಂದೊಂದಾಗಿ ಹೇಳತೊಡಗಿದ. ನಾನು ಯಂತ್ರಕ್ಕೆ ಹಾಳೆ ಏರಿಸಿ ಬರೆದುಕೊಂಡೆ.